ನ್ಯೂಯಾರ್ಕಿನಲ್ಲಿ ಎರಡು ಔಷಧಿ ಅಂಗಡಿ, ಸಾಗರದಲ್ಲಿ ಒಂದು

ನಮ್ಮನೆಯವರಿಗೆ ಯಾವ ಊರಿಗೆ ಹೋದರೂ ಮೊದಲು ಕಣ್ಣಿಗೆ ಬೀಳೋದು ಅಲ್ಲಿನ ಮೆಡಿಕಲ್ ಶಾಪು. ಕಾಶಿಗೆ ಹೋದಾಗ ವಿಶ್ವನಾಥನ ದರ್ಶನಕ್ಕೆ ಸಾಲಿನಲ್ಲಿ ನಿಂತವರು ಪಕ್ಕದ ಔಷಧಿ ಅಂಗಡಿಯಲ್ಲಿ ಕಪಾಟು ಹೇಗೆ ಜೋಡಿಸಿದ್ದಾರೆ ಅಂತ ಕತ್ತು ಉದ್ದ ಮಾಡಿ ನೋಡುತ್ತಿದ್ದರು. ಹಾಗಾಗಿ 2018ರ ಅಕ್ಟೋಬರಿನಲ್ಲಿ ಮಗಳ ಮನೆ ಜೆರ್ಸಿ ಸಿಟಿಗೆ ಹೋದಾಗ, ಸ್ವಾತಂತ್ರ್ಯ ದೇವಿಯ ಪ್ರತಿಮೆ, ಟೈಮ್ಸ್ ಸ್ಕ್ವೇರ್ ಎಲ್ಲ ಮುಗಿದ ಮೇಲೆ ಮಗಳು, "ಅಪ್ಪಾ, ನಾಳೆ ರಜೆ ಹಾಕಿದ್ದೀನಿ. ನಿಮಗೆ ಬೇಕಾದ ಜಾಗಕ್ಕೆ ಕರ್ಕೊಂಡು ಹೋಗ್ತೀನಿ" ಅಂದಾಗ ಯಾವ ಜಾಗ ಅಂತ ನಾನು ಕೇಳಲೇ ಇಲ್ಲ.

ಇವರದು ಎರಡನೇ ತಲೆಮಾರಿನ ಅಂಗಡಿ. ನಮ್ಮ ಮಾವನವರು 1954ರಲ್ಲಿ ಸಾಗರದಲ್ಲಿ ಶುರು ಮಾಡಿದ್ದು. ಆಗ ಔಷಧಿ ಅಂದರೆ ಪೊಟ್ಟಣ ಹರಿದು ಕೊಡುವ ಮಾತ್ರೆ ಅಲ್ಲ. ಡಾಕ್ಟರು ಚೀಟಿ ಬರೆಯೋರು, ಅಂಗಡಿಯಲ್ಲಿ ಅಳೆದು, ಅರೆದು, ಕಲಸಿ ಕೊಡೋರು. ಮಿಕ್ಸ್ಚರ್ ಬಾಟಲಿಗೆ ಕಾಗದವನ್ನು ಹಲ್ಲುಹಲ್ಲಾಗಿ ಕತ್ತರಿಸಿ ಅಂಟಿಸಿದರೆ ಅದೇ ಅಳತೆ. ಒಂದು ಹಲ್ಲಿನಷ್ಟು ಕುಡಿದರೆ ಒಂದು ಹೊತ್ತಿನ ಔಷಧಿ. ನಾನು ಮದುವೆಯಾಗಿ ಬಂದಾಗ ಆ ಕಾಲ ಹೆಚ್ಚುಕಡಿಮೆ ಮುಗಿದಿತ್ತು. ಆದರೂ ಒಂದು ಮುಲಾಮು ಮಾತ್ರ ಅಂಗಡಿಯ ಹಿಂದಿನ ಕೋಣೆಯಲ್ಲಿ ತಯಾರಾಗುತ್ತಿತ್ತು. ಮಲೆನಾಡಿನ ಮಳೆಗಾಲ ಗೊತ್ತಿರುವವರಿಗೆ ಕೆಸರುಹುಣ್ಣು ಅಂದರೆ ಏನು ಅಂತ ಹೇಳಬೇಕಿಲ್ಲ. ಗದ್ದೆ, ತೋಟದಲ್ಲಿ ದಿನವಿಡೀ ನಿಂತು ಬೆರಳ ಸಂದಿ ಬೆಳ್ಳಗೆ ಬೆಂದು ಹೋಗಿರುತ್ತದೆ. ಮಳೆ ಹೋದ ಮೇಲೆ ಅದೇ ಕಾಲಿನ ಹಿಮ್ಮಡಿ ಒಡೆಯುತ್ತದೆ. ವಿಟ್‌ಫೀಲ್ಡ್ ಮುಲಾಮು ಅಂತ ಒಂದು ಹಳೆಯ ಇಂಗ್ಲಿಷ್ ಸೂತ್ರ ಇದೆಯಂತೆ, ಬೆಂಜೋಯಿಕ್ ಆಸಿಡ್ಡು, ಸ್ಯಾಲಿಸಿಲಿಕ್ ಆಸಿಡ್ಡು ಹಾಕಿದ್ದು. ಮಾವನವರು ಅದಕ್ಕೆ ಜೇನುಮೇಣ, ಕೊಬ್ಬರಿ ಎಣ್ಣೆ ಸೇರಿಸಿ ತಮ್ಮದೇ ಹದ ಕಂಡುಕೊಂಡಿದ್ದರು. ಹೆಸರಿಲ್ಲ, ಲೇಬಲ್ಲಿಲ್ಲ. ಜನ "ಅಂಗಡಿ ಮುಲಾಮು ಕೊಡಿ" ಅಂತ ಕೇಳಿ ತಗೊಂಡು ಹೋಗೋರು.

ಅಂಗಡಿ 2014ರಲ್ಲಿ ಮುಚ್ಚಿತು. ಅದರ ಕತೆ ಆಮೇಲೆ ಬರುತ್ತದೆ.

ಜರ್ನಲ್ ಸ್ಕ್ವೇರಿನಲ್ಲಿ ಪಾತ್ ರೈಲು ಹತ್ತಿದರೆ ಅದು ಹಡ್ಸನ್ ನದಿಯ ಅಡಿಯಲ್ಲಿ ನುಗ್ಗಿ ಮ್ಯಾನ್‌ಹಟನ್ ಸೇರುತ್ತದೆ. ನಾವು ಇಳಿದದ್ದು ಒಂಬತ್ತನೇ ಬೀದಿಯ ನಿಲ್ದಾಣದಲ್ಲಿ. ಇಕ್ಕಟ್ಟಾದ ಸುರಂಗದಂಥ ದಾರಿಯಲ್ಲಿ ಮೆಟ್ಟಿಲು ಹತ್ತಿ ಮೇಲೆ ಬಂದರೆ ಸಿಕ್ಸ್ತ್ ಅವೆನ್ಯೂ. ನಾಲ್ಕು ಹೆಜ್ಜೆ ಹಾಕಿದರೆ ನಿಯಾನ್ ದೀಪದ ಹಳೆಯ ಬೋರ್ಡು: ಬಿಗೆಲೋ. 1838ರ ಅಂಗಡಿ. ಅಮೆರಿಕದ ಅತ್ಯಂತ ಹಳೆಯ ಔಷಧಿ ಅಂಗಡಿ ಅಂತ ಹೇಳಿಕೊಳ್ಳುತ್ತಾರೆ. ಈಗಿನ ಕಟ್ಟಡ 1902ರದು. ಅಲ್ಲಿ ಕೆಲಸಕ್ಕಿದ್ದ ಕ್ಲಾರೆನ್ಸ್ ಬಿಗೆಲೋ ಎಂಬಾತ 1880ರಲ್ಲಿ ಅಂಗಡಿ ಕೊಂಡು ತನ್ನ ಹೆಸರಿಟ್ಟನಂತೆ. 1939ರಿಂದ ಗಿನ್ಸ್‌ಬರ್ಗ್ ಎಂಬ ಕುಟುಂಬದ ಕೈಯಲ್ಲಿದೆ. ಮಾರ್ಕ್ ಟ್ವೈನ್ ಇಲ್ಲಿ ಔಷಧಿ ಕೊಳ್ಳುತ್ತಿದ್ದ ಅಂತ ಮಗಳು ಫೋನ್ ನೋಡಿ ಓದಿದಳು. ಇವರು ಕೇಳಿಸಿಕೊಳ್ಳಲಿಲ್ಲ. ಬಾಗಿಲು ದೂಡಿ ಒಳಗೆ ಹೋಗಿಯಾಗಿತ್ತು.

ಒಳಗೆ ಎತ್ತರದ ಚಾವಣಿ, ಹಳೆಯ ಮರದ ಕಪಾಟುಗಳು, ಒಂದು ಕಾಲಕ್ಕೆ ಗ್ಯಾಸಿನಲ್ಲಿ ಉರಿಯುತ್ತಿದ್ದ ತೂಗುದೀಪಗಳು. ಮುಂದಿನ ಭಾಗದ ತುಂಬ ಸೋಪು, ಸೆಂಟು, ಇಟಲಿಯ ಶೇವಿಂಗ್ ಕ್ರೀಮು, ಅವರದೇ ಹೆಸರಿನ ಗುಲಾಬಿ ಮುಲಾಮಿನ ಪುಟ್ಟ ತಗಡಿನ ಡಬ್ಬಿಗಳು. ಇವರು ಅದನ್ನೆಲ್ಲ ದಾಟಿಕೊಂಡು ಹಿಂದೆ ಹೋದರು. ಅಲ್ಲಿ ಬಿಳಿ ಕೋಟು ಹಾಕಿದ ಫಾರ್ಮಸಿಸ್ಟ್ ಒಬ್ಬಾತ ಚೀಟಿ ನೋಡಿ ಔಷಧಿ ಕೊಡುತ್ತಿದ್ದ. ಒಬ್ಬ ಅಜ್ಜಿ ಮಾತ್ರೆ ಹೇಗೆ ತಗೋಬೇಕು ಅಂತ ಎರಡೆರಡು ಸಲ ಕೇಳುತ್ತಿದ್ದರು. ಆತ ಎರಡೆರಡು ಸಲ ಹೇಳುತ್ತಿದ್ದ. ನಮ್ಮನೆಯವರ ಮುಖ ನೋಡಬೇಕಿತ್ತು! ನಾಲ್ಕು ವರ್ಷದಿಂದ ಆ ಮುಖವನ್ನು ನಾನು ನೋಡಿರಲಿಲ್ಲ.

"ಮುಂದಿನ ಸೋಪು ಹಿಂದಿನ ಮಾತ್ರೆಗೆ ಅನ್ನ ಹಾಕ್ತಿದೆ ನೋಡು" ಅಂದರು ಹೊರಗೆ ಬಂದ ಮೇಲೆ. ಕೈಯಲ್ಲಿ ಗುಲಾಬಿ ಮುಲಾಮಿನ ಒಂದು ಡಬ್ಬಿ ಇತ್ತು. ತಮಗಾಗಿ ಏನನ್ನೂ ಕೊಳ್ಳದ ಮನುಷ್ಯ!

ಅಲ್ಲಿಂದ ಎಂಟನೇ ಬೀದಿ ಹಿಡಿದು ಪೂರ್ವಕ್ಕೆ ನಡೆದೆವು. ಆಸ್ಟರ್ ಪ್ಲೇಸ್ ಎಂಬ ಕಡೆ ರಸ್ತೆ ಮಧ್ಯೆ ಒಂದು ಮೂಲೆಯ ಮೇಲೆ ನಿಂತ ಕಪ್ಪು ಕಬ್ಬಿಣದ ದೊಡ್ಡ ಚೌಕ ಇದೆ. ನಾಲ್ಕು ಜನ ಸೇರಿ ತಳ್ಳಿದರೆ ತಿರುಗುತ್ತದೆ. ನಾವು ಮೂವರು ತಳ್ಳಿದೆವು, ಜಪ್ಪಯ್ಯ ಅನ್ನಲಿಲ್ಲ. ಚಳಿಗಾಳಿ ಬೇರೆ. ಥರ್ಡ್ ಅವೆನ್ಯೂ ಸಿಕ್ಕಿ, ಹದಿಮೂರನೇ ಬೀದಿಯ ಮೂಲೆಗೆ ಬಂದರೆ ಎರಡನೇ ಅಂಗಡಿ: ಕೀಲ್ಸ್. ಈ ಹೆಸರು ನಿಮಗೆ ಗೊತ್ತಿರಬಹುದು. ಬೆಂಗಳೂರಿನ ದೊಡ್ಡ ಮಾಲ್‌ಗಳಲ್ಲೂ ಬಂದಿದೆ, ಮುಖಕ್ಕೆ ಹಚ್ಚುವ ಕ್ರೀಮಿಗೆ ಸಾವಿರಗಟ್ಟಲೆ ಕೊಡುವವರಿಗೆ. ಅದು ಹುಟ್ಟಿದ್ದು ಈ ಮೂಲೆಯ ಔಷಧಿ ಅಂಗಡಿಯಾಗಿ, 1851ರಲ್ಲಿ.

ಈ ಮೂಲೆಗೆ ಪೇರ್ ಮರದ ಮೂಲೆ ಅಂತ ಹೆಸರು. (ನಮ್ಮ ಕಡೆ ಪೇರಳೆ ಅಂದರೆ ಸೀಬೆ. ಇದು ಅದಲ್ಲ, ಬೆಂಗಳೂರಿನವರು ಮರಸೇಬು ಅನ್ನುತ್ತಾರಲ್ಲ, ಅದು.) ನ್ಯೂಯಾರ್ಕ್ ಇನ್ನೂ ಡಚ್ಚರ ಕೈಯಲ್ಲಿದ್ದಾಗ ಇಲ್ಲಿ ಗವರ್ನರ್ ಆಗಿದ್ದ ಪೀಟರ್ ಸ್ಟೈವೆಸಂಟ್ 1647ರಲ್ಲಿ ಹಾಲೆಂಡಿನಿಂದ ತಂದ ಸಸಿಯನ್ನು ತನ್ನ ತೋಟದಲ್ಲಿ ನೆಟ್ಟನಂತೆ. ತೋಟ ಹೋಗಿ ಬೀದಿಯಾಯಿತು, ಬೀದಿಯಲ್ಲಿ ಅಂಗಡಿಗಳಾದವು, ಮರ ಮಾತ್ರ ಇನ್ನೂರು ವರ್ಷಕ್ಕೂ ಮೀರಿ ಹೂ ಬಿಡುತ್ತಲೇ ಇತ್ತು. 1867ರಲ್ಲಿ ಗಾಡಿಗಳು ಡಿಕ್ಕಿ ಹೊಡೆದು ಬಿದ್ದುಹೋಯಿತು. ಜಾನ್ ಕೀಲ್ ಅಂಗಡಿ ತೆರೆದಾಗ ಬಾಗಿಲಲ್ಲೇ ಆ ಮರ ಇತ್ತು ಅಂತಾಯಿತು. 2003ರಲ್ಲಿ ಅಂಗಡಿಯವರು ಅದೇ ಮೂಲೆಯಲ್ಲಿ ಹೊಸ ಪೇರ್ ಮರ ನೆಟ್ಟಿದ್ದಾರೆ. ನಾವು ಹೋದಾಗ ಎಲೆ ಬಣ್ಣ ತಿರುಗುತ್ತಿತ್ತು.

ಒಳಗೆ ಹೋದ ಕೂಡಲೇ ಒಂದು ಅಸ್ಥಿಪಂಜರ. ನಾನು ಹೌಹಾರಿದೆ. ಅದಕ್ಕೆ 'ಮಿಸ್ಟರ್ ಬೋನ್ಸ್' ಅಂತ ಹೆಸರಂತೆ, ಪ್ರಪಂಚದ ಅವರ ಅಂಗಡಿಗಳಲ್ಲೆಲ್ಲ ಒಬ್ಬೊಬ್ಬ ಇರುತ್ತಾನಂತೆ, ಔಷಧಿ ಅಂಗಡಿಯಾಗಿದ್ದ ದಿನಗಳ ನೆನಪಿಗೆ. ಪಕ್ಕದಲ್ಲಿ ಮೋಟಾರು ಸೈಕಲ್. ಕ್ರೀಮು ಮಾರುವ ಕಡೆ ಬೈಕು ಯಾಕೆ ಅಂದರೆ ಅದಕ್ಕೂ ಒಂದು ಕತೆ: ಯಜಮಾನನಿಗೆ ಅದರ ಹುಚ್ಚಿತ್ತು, ಜತೆಗೆ ಹೆಂಗಸರು ಕ್ರೀಮು ಆರಿಸುವಾಗ ಗಂಡಂದಿರು ಬೇಜಾರಾಗದೆ ನಿಂತಿರಲಿ ಅಂತಲೂ ಇಟ್ಟನಂತೆ. ನಮ್ಮಲ್ಲಿ ಉಲ್ಟಾ ಆಯಿತು. ನಾನು ಮಗಳು ಬೈಕಿನ ಪಕ್ಕ ಫೋಟೊ ತೆಗೆಸಿಕೊಳ್ಳುತ್ತಿದ್ದೆವು, ಇವರು ಕನ್ನಡಕ ಹಣೆಗೇರಿಸಿ ಬಾಟಲಿಗಳ ಹಿಂದಿನ ಚಿಕ್ಕ ಅಕ್ಷರ ಓದುತ್ತಾ ನಿಂತಿದ್ದರು.

ಅಲ್ಲಿ ಸಹಾಯಕ್ಕೆ ನಿಂತ ಹುಡುಗಿಯರು ಹುಡುಗರು ಎಲ್ಲ ಬಿಳಿ ಕೋಟಿನಲ್ಲಿ, ಹಳೆಯ ಫಾರ್ಮಸಿಸ್ಟರ ಹಾಗೆ. ಒಬ್ಬ ಹುಡುಗಿ ಇವರ ಆಸಕ್ತಿ ಕಂಡು ಕತೆ ಹೇಳಲು ನಿಂತಳು. ಇವರ ಇಂಗ್ಲಿಷು ನಿಧಾನ, ಅವಳದು ರಾಜಧಾನಿ ಎಕ್ಸ್‌ಪ್ರೆಸ್. ನಡುವೆ ಮಗಳು.

ಜಾನ್ ಕೀಲ್ ಬಳಿ ಅರ್ವಿಂಗ್ ಮೋರ್ಸ್ ಎಂಬ ಹುಡುಗ ಕೆಲಸ ಕಲಿಯಲು ಸೇರಿದ್ದ. ರಷ್ಯಾದಿಂದ ಬಂದ ಯಹೂದಿ ಕುಟುಂಬದವನು. 1921ರಲ್ಲಿ ಅವನೇ ಅಂಗಡಿಯನ್ನು ಕೊಂಡ. ಗಿಡಮೂಲಿಕೆ, ಸುವಾಸನೆಯ ಎಣ್ಣೆ, ಟಿಂಕ್ಚರು ಎಲ್ಲ ಮಾರುತ್ತಿದ್ದರು. ಆಮೇಲೆ ಅವನ ಮಗ ಏರನ್ ಮೋರ್ಸ್ ಬಂದ. ಕೊಲಂಬಿಯಾದಲ್ಲಿ ಔಷಧಶಾಸ್ತ್ರ ಓದಿದವನು, ಎರಡನೇ ಮಹಾಯುದ್ಧದಲ್ಲಿ ವಿಮಾನ ಹಾರಿಸಿದವನು. ಬೀದಿಬೀದಿಗೆ ದೊಡ್ಡ ಕಂಪನಿಗಳ ಔಷಧಿ ಅಂಗಡಿ ಬರುತ್ತಿದ್ದ ಕಾಲ ಅದು. ಅವನು ಚರ್ಮ, ಕೂದಲಿನ ಕಡೆಗೆ ತಿರುಗಿದ. 1964ರಲ್ಲಿ ನೀಲಿ ಬಣ್ಣದ ಒಂದು ಲೋಷನ್ನು ಮಾಡಿದ. ಚಿತ್ರಕಾರ ಆಂಡಿ ವಾರ್ಹೋಲ್ ಅದರ ಗಿರಾಕಿಯಾಗಿದ್ದ. ನಾನು ಮೂಸಿ ನೋಡಿದೆ, ನನಗೆ ಕರ್ಪೂರದ ನೆನಪಾಯಿತು. ಹೆಚ್ಚು ಜನಕ್ಕೆ ಗೊತ್ತಿರುವುದು ಕ್ರೀಮ್ ಡಿ ಕೋರ್ ಎಂಬ ಹಳದಿ ಬಣ್ಣದ ಮೈ ಕ್ರೀಮು.

ಸುಗಂಧದ ಕತೆ ಇನ್ನೂ ಚೆನ್ನಾಗಿದೆ. ಅಂಗಡಿಯ ನೆಲಮಾಳಿಗೆಯಲ್ಲಿ 'ಪ್ರೇಮ ತೈಲ' ಅಂತ ಚೀಟಿ ಅಂಟಿಸಿದ ಹಳೆಯ ಪೀಪಾಯಿಯೊಂದು ಸಿಕ್ಕಿತಂತೆ. ಇಪ್ಪತ್ತರ ದಶಕದಲ್ಲಿ ಮಾಡಿ, ಆ ಕಾಲಕ್ಕೆ ಬಹಳ ಜೋರಾಯಿತು ಅಂತ ಮುಚ್ಚಿಟ್ಟಿದ್ದ ಕಸ್ತೂರಿಯ ಎಣ್ಣೆ. ಅರವತ್ತರ ದಶಕದಲ್ಲಿ ಅದನ್ನೇ ಮತ್ತೆ ಅಂಗಡಿಗೆ ತಂದರು. ಇದು ಕಂಪನಿಯವರೇ ಹೇಳುವ ಕತೆ, ಅಂಗಡಿಯವರ ಕತೆಗೆ ಎಷ್ಟು ಉಪ್ಪು ಖಾರ ಇರುತ್ತದೆ ಅಂತ ಅಂಗಡಿಯವರ ಮನೆಯಲ್ಲಿ ಬಾಳಿದ ನನಗೆ ಗೊತ್ತು. ಆದರೂ ಮಣಿಕಟ್ಟಿಗೆ ಒಂದು ಹನಿ ಹಚ್ಚಿಸಿಕೊಂಡೆ. ಈಗಿನ ಕಸ್ತೂರಿ ಮೃಗದಿಂದ ಬರುವುದಲ್ಲ, ಪ್ರಯೋಗಾಲಯದ್ದು. ಅಜ್ಜನ ಪೂಜೆಯ ಪೆಟ್ಟಿಗೆ ತೆರೆದ ಹಾಗೆ ಇತ್ತು, ಸಂಜೆವರೆಗೂ ಹೋಗಲಿಲ್ಲ.

ಏರನ್ ಮೋರ್ಸ್ ಜಾಹೀರಾತಿಗೆ ದುಡ್ಡು ಹಾಕಲಿಲ್ಲ. ಅದರ ಬದಲು ಬಂದವರಿಗೆಲ್ಲ, ಕೊಳ್ಳದವರಿಗೂ, ಸಣ್ಣ ಸಣ್ಣ ಪೊಟ್ಟಣದಲ್ಲಿ ಮಾದರಿ ಕೊಟ್ಟ. ಲೇಬಲ್ಲು ಕೂಡ ಔಷಧಿ ಬಾಟಲಿಯ ಹಾಗೆ ಸಾದಾ, ಅಕ್ಷರ ಜಾಸ್ತಿ, ಚಿತ್ರ ಇಲ್ಲ. ಮಾದರಿ ಕೊಡುವ ಪದ್ಧತಿ ಇವತ್ತೂ ಇದೆ. ಹುಡುಗಿ ನಮ್ಮ ಮೂವರ ಕೈಗೂ ಹಿಡಿ ಹಿಡಿ ಪೊಟ್ಟಣ ಹಾಕಿದಳು. "ಕೊಸರು!" ಅಂದರು ಇವರು, ಕನ್ನಡದಲ್ಲೇ. ಸಂತೆಯಲ್ಲಿ ಸೊಪ್ಪಿನವಳು ಮೇಲೊಂದು ಹಿಡಿ ಹಾಕುತ್ತಾಳಲ್ಲ, ಅದು. ನಮ್ಮ ಅಂಗಡಿಯಲ್ಲಿ ಅದು ಪೆಪ್ಪರಮೆಂಟಿನ ರೂಪದಲ್ಲಿತ್ತು, ಔಷಧಿಗೆ ಬಂದ ಮಕ್ಕಳಿಗೆ.

ಹಳದಿ ಕ್ರೀಮಿನ ಬಾಟಲಿ ಹಿಂದೆ ಓದುತ್ತಿದ್ದವರು ಇದ್ದಕ್ಕಿದ್ದಂತೆ ನಕ್ಕರು. "ಸೆಸಮಮ್ ಇಂಡಿಕಮ್. ಎಳ್ಳೆಣ್ಣೆ ಕಣೇ ಇದು! ಕೋಕೋ ಬೆಣ್ಣೆ, ಎಳ್ಳೆಣ್ಣೆ. ಹಳದಿ ಬಣ್ಣ ಬೀಟಾ ಕ್ಯಾರೋಟಿನ್ನಿಂದು, ಕ್ಯಾರೆಟ್‌ನಲ್ಲಿ ಇರೋದು." ಬೆಲೆ ಮೂವತ್ತು ಡಾಲರಿನ ಆಸುಪಾಸು. ಆಗಿನ ಲೆಕ್ಕಕ್ಕೆ ಎರಡು ಸಾವಿರದ ಮೇಲೆ. ದೀಪಾವಳಿಯ ಎಣ್ಣೆಸ್ನಾನಕ್ಕೆ ನಾನು ಎಷ್ಟು ಡಾಲರಿನ ಎಳ್ಳೆಣ್ಣೆ ಸುರಿದಿದ್ದೇನೆ ಅಂತ ಮಗಳು ಲೆಕ್ಕ ಹಾಕತೊಡಗಿದಳು.

"ಈಗ ಅಂಗಡಿ ನೋಡಿಕೊಳ್ಳೋರು ಯಾರು? ಮೋರ್ಸ್ ಮೊಮ್ಮಕ್ಕಳಾ?" ಅಂತ ಕೇಳಿದರು ಇವರು.

ಏರನ್‌ನ ಮಗಳು ಜೇಮಿ 1988ರಲ್ಲಿ ಅಂಗಡಿ ವಹಿಸಿಕೊಂಡಳು. ಗಂಡ ಆಸ್ಟ್ರಿಯಾದ ದೊಡ್ಡ ಸ್ಕೀಯಿಂಗ್ ಆಟಗಾರ, ಅವನೂ ಬಂದು ಕೈಗೂಡಿಸಿದ. ಇವರಿಬ್ಬರ ಕಾಲದಲ್ಲಿ ಕೀಲ್ಸ್ ದೊಡ್ಡ ದೊಡ್ಡ ಮಳಿಗೆಗಳಿಗೆ ಹೋಯಿತು. 2000ದಲ್ಲಿ ಫ್ರಾನ್ಸಿನ ಲೋರಿಯಾಲ್ ಕಂಪನಿಗೆ ಮಾರಿದರು. ಲೋರಿಯಾಲ್ ಶುರು ಮಾಡಿದವನೂ ಒಬ್ಬ ಕೆಮಿಸ್ಟೇ, ಕೂದಲಿನ ಬಣ್ಣ ಕಲಸಿದವನು, 1909ರಲ್ಲಿ. ಮಗಳು ಇಷ್ಟನ್ನು ಹೇಳಿ, "ಅಪ್ಪಾ, ನೀವು ಆಗಲೇ ಆ ಮುಲಾಮಿಗೊಂದು ಹೆಸರಿಟ್ಟು ಬೆಳೆಸಿದ್ರೆ ನಾನೂ ಈಗ ಲೋರಿಯಾಲ್‌ಗೆ ಮಾರಿ ಕಾಲುಚಾಚಿ ಕೂತಿರ್ತಿದ್ದೆ ನೋಡಿ" ಅಂದು ನಕ್ಕಳು. ಇವರೂ ನಕ್ಕರು. ನನಗೆ ನಗು ಬರಲಿಲ್ಲ.

ಯಾಕೆ ಬರಲಿಲ್ಲ ಅಂತ ಇಪ್ಪತ್ತಾರು ವರ್ಷ ಯಾರಿಗೂ ಹೇಳಿಲ್ಲ, ಈಗ ಬರೀತಿದ್ದೀನಿ. 1992ರಲ್ಲಿ ಮಾವನವರು ಹೋದ ವರ್ಷ. ಇವರು ಮುಲಾಮನ್ನು ತಗಡಿನ ಡಬ್ಬಿಯಲ್ಲಿ ತುಂಬಿ, ಲೈಸೆನ್ಸ್ ಮಾಡಿಸಿ, ಶಿವಮೊಗ್ಗ, ಶಿರಸಿವರೆಗೆ ಕಳಿಸಬೇಕು ಅಂತ ಹೊರಟಿದ್ದರು. ಗಂಧದ ಪೌಡರೂ ಮಾಡುವ ಆಸೆ. ಸಾಗರ ಅಂದರೆ ಗುಡಿಗಾರರ ಊರು, ಗಂಧದ ಕೆತ್ತನೆಯ ಊರು. ಗಂಧದ ಹೆಸರಿದ್ದರೆ ಜನ ತಗೋತಾರೆ ಅನ್ನುವುದು ಇವರ ಲೆಕ್ಕ. ನಲವತ್ತು ಸಾವಿರ ಬೇಕಿತ್ತು. ಒತ್ತೆ ಇಡಲು ಇದ್ದದ್ದು ನನ್ನ ನಾಲ್ಕು ಬಳೆ, ಒಂದು ಸರ. ನಾನು ಕೊಡಲಿಲ್ಲ. ಕೊಡದಿದ್ದರೆ ಹೋಗಲಿ, "ಮೈಸೂರ್ ಸ್ಯಾಂಡಲ್ ಇದೆ, ಬೋರೋಲಿನ್ ಇದೆ, ನಿಮ್ಮ ಈ ಹೆಸರಿಲ್ಲದ ಮುಲಾಮು ಯಾರು ತಗೋತಾರೆ?" ಅಂದುಬಿಟ್ಟೆ. ಇವರು ಮರುಮಾತಾಡಲಿಲ್ಲ. ಲೇಬಲ್ಲಿಗೆ ಅಂತ ಮಾಡಿಸಿದ್ದ ಅಚ್ಚು ಮಾತ್ರ ಗಲ್ಲಾಪೆಟ್ಟಿಗೆಯ ತಳದಲ್ಲಿ ವರ್ಷಗಟ್ಟಲೆ ಬಿದ್ದಿತ್ತು. ಆಮೇಲೆ ಊರಿನಲ್ಲಿ ಮೆಡಿಕಲ್ ಶಾಪ್ ಹತ್ತಾಯಿತು, ಇಪ್ಪತ್ತಾಯಿತು. ಕಡೆಗೆ ಫೋನಿನಲ್ಲೇ ಮಾತ್ರೆ ತರಿಸುವ ಕಾಲ ಬಂತು. 2014ರಲ್ಲಿ ಬಾಗಿಲು ಎಳೆದಾಗ ಕಪಾಟು ತೂಕಕ್ಕೆ ಹೋಯಿತು. ಪಿಂಗಾಣಿಯ ಕಲ್ಬತ್ತು ಒಂದನ್ನು ನಾನು ಮನೆಗೆ ತಂದೆ. ಏಲಕ್ಕಿ ಪುಡಿ ಮಾಡುತ್ತೇನೆ.

ಅಂಗಡಿಯಿಂದ ಹೊರಬಂದು ಎರಡನೇ ಅವೆನ್ಯೂ ಕಡೆ ನಡೆದರೆ ಹತ್ತನೇ ಬೀದಿಯಲ್ಲಿ ಸೇಂಟ್ ಮಾರ್ಕ್ಸ್ ಎಂಬ ಹಳೆಯ ಚರ್ಚಿದೆ. ಆ ಪೇರ್ ಮರದ ಸ್ಟೈವೆಸಂಟನನ್ನು ಮಣ್ಣು ಮಾಡಿರುವುದು ಅಲ್ಲೇ. ಮಗಳು ಕಾಫಿ ತರಲು ಹೋದಳು. ನಾವಿಬ್ಬರೂ ಬಿಸಿಲಿದ್ದ ಕಡೆ ಕುಳಿತೆವು. ನಾನೇ ಎತ್ತಿದೆ.

"ಆವತ್ತು ಬಳೆ ಕೊಟ್ಟಿದ್ರೆ?"

ಇವರು ತಕ್ಷಣ ಉತ್ತರ ಕೊಡಲಿಲ್ಲ. ಕೊಸರಿನ ಪೊಟ್ಟಣಗಳನ್ನು ತೊಡೆ ಮೇಲೆ ಸಾಲಾಗಿ ಜೋಡಿಸುತ್ತಿದ್ದರು, ಅಂಗಡಿಯಲ್ಲಿ ಸಂಜೆ ಜೋಡಿಸುತ್ತಿದ್ದ ಹಾಗೆ.

"ಬಳೆ ಹೋಗ್ತಿತ್ತು" ಅಂದರು. "ಅಪ್ಪನ ಮುಲಾಮು ಮೂರು ತಿಂಗಳಿಗೆ ಕನರು ವಾಸನೆ ಬರ್ತಿತ್ತು. ಕೊಬ್ಬರಿ ಎಣ್ಣೆ ಅಲ್ವಾ. ಅಂಗಡಿಯಲ್ಲಿ ವಾರವಾರ ಮಾಡಿ ವಾರವಾರ ಖರ್ಚು ಮಾಡೋದಕ್ಕೆ ಸರಿ. ಶಿರಸಿ ಅಂಗಡಿಯ ಕಪಾಟಿನಲ್ಲಿ ಆರು ತಿಂಗಳು ಇಟ್ಟರೆ ಡಬ್ಬಿ ವಾಪಸ್ ಬರ್ತಿತ್ತು. ಇಲ್ಲಿ ಆ ಮಗ ಔಷಧಶಾಸ್ತ್ರ ಓದಿ ಬಂದ, ಅದನ್ನೆಲ್ಲ ಸರಿಮಾಡಿದ. ನನಗೆ ಆಗ ಅದು ಗೊತ್ತಿರಲಿಲ್ಲ."

ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅಂದರು: "ಬಳೆ ಕೊಡದಿದ್ದದ್ದು ಬೇಜಾರಿಲ್ಲ. ಯಾರು ತಗೋತಾರೆ ಅಂದ್ಯಲ್ಲ, ಅದು."

ಮಗಳು ಕಾಫಿ ತಂದಳು. ಇವರು ಸಕ್ಕರೆ ಸಾಲದು ಅಂದರು. ನಾನು ನನ್ನ ಪೊಟ್ಟಣದ ಸಕ್ಕರೆಯನ್ನೂ ಇವರ ಲೋಟಕ್ಕೆ ಹಾಕಿದೆ. ಅಷ್ಟೇ ಮಾಡಲಾಗಿದ್ದು.

ಎರಡು ಅಂಗಡಿಯಲ್ಲಿ ಯಾವುದು ಇಷ್ಟವಾಯಿತು ಅಂತ ರೈಲಿನಲ್ಲಿ ಮಗಳು ಕೇಳಿದಳು. ನನಗೆ ಕೀಲ್ಸ್. ಅಚ್ಚುಕಟ್ಟು, ಜೀವಕಳೆ, ಕಸ್ತೂರಿ. ಇವರು, "ಮೊದಲನೇದು. ಅಲ್ಲಿ ಇನ್ನೂ ಕಾಯಿಲೆಯವರು ಬರ್ತಾರೆ" ಅಂದರು. ಎರಡನೆಯದರಲ್ಲಿ ಅಸ್ಥಿಪಂಜರ ಇದೆ, ಕೋಟಿದೆ, ಔಷಧಿ ಅಂಗಡಿಯ ವೇಷ ಎಲ್ಲ ಇದೆ, ಚೀಟಿ ಹಿಡಿದು ಬರುವವರಿಲ್ಲ ಅನ್ನುವುದು ಇವರ ದೂರು. ನಾನು ಒಪ್ಪಲಿಲ್ಲ. ಒಣ ಚರ್ಮವೂ ಕಾಯಿಲೆಯೇ, ಚಳಿಗೆ ಒಡೆದ ಹಿಮ್ಮಡಿ ಊರಿದರೆ ಗೊತ್ತಾಗುತ್ತದೆ ಅಂದೆ. ಆಗ ಮಗಳು ಶೂ ಒಳಗೆ ಕಾಲು ಆಡಿಸಿ, "ನಂದೂ ಒಡೆದಿದೆ" ಅಂದಳು.

ಮಾರನೇ ದಿನ ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಅಡುಗೆಮನೆಯಲ್ಲಿ ಅಪ್ಪ ಮಗಳ ಗುಸುಗುಸು. ಹತ್ತಿರದ ಅಂಗಡಿಯಿಂದ ಜೇನುಮೇಣ, ಇಂಡಿಯನ್ ಸ್ಟೋರಿನಿಂದ ಕೊಬ್ಬರಿ ಎಣ್ಣೆ ತಂದಾಗಿತ್ತು. ಪಾತ್ರೆಯಲ್ಲಿ ನೀರು ಕುದಿಸಿ, ಅದರೊಳಗೆ ಇನ್ನೊಂದು ಪಾತ್ರೆ ಇಟ್ಟು ಮೇಣ ಕರಗಿಸುತ್ತಿದ್ದರು. ಆಸಿಡ್ಡುಗಳಿಲ್ಲ, ಹಾಗಾಗಿ ಇದು ಅರ್ಧ ಮುಲಾಮು, ಹಿಮ್ಮಡಿಗೆ ಸಾಕು, ಕೆಸರುಹುಣ್ಣಿಗೆ ಆಗಲ್ಲ ಅಂತ ವಿವರಣೆ ನಡೆದಿತ್ತು. ಎಣ್ಣೆ ಒಂದಿಷ್ಟು ಒಲೆಗೆ ಬಿದ್ದು ಹೊಗೆ ಎದ್ದು ಚಾವಣಿಯ ಅಲಾರಾಂ ಕಿರುಚಿಕೊಂಡಿತು. ನಾನು ಚೌಕ ಬೀಸುತ್ತಾ ಕುರ್ಚಿ ಹತ್ತಿದೆ. ಇವರು ಕದಡುವುದು ನಿಲ್ಲಿಸಲಿಲ್ಲ, ನಿಲ್ಲಿಸಿದರೆ ಗಂಟು ಕಟ್ಟುತ್ತದಂತೆ.

ಆರಿದ ಮೇಲೆ ಮಗಳು ಖಾಲಿ ಜಾಮ್ ಬಾಟಲಿಗೆ ತುಂಬಿ, ಒಂದು ಚೀಟಿ ಅಂಟಿಸಿ, ಪೆನ್ನು ಹಿಡಿದು ಕೇಳಿದಳು: "ಏನಂತ ಬರೀಲಿ ಅಪ್ಪಾ?"

"ತಾರೀಕು ಬರಿ" ಅಂದರು. "ಮೂರು ತಿಂಗಳಾದ ಮೇಲೆ ಬಿಸಾಡು. ಮತ್ತೆ ಮಾಡಿಕೊಡ್ತೀನಿ."